ಮಣಿ ಕಟ್ಟಿದ ಮರಗಳು

"ಗುರುಗಳೇ, ನಿಯಮದ ಒಂದಕ್ಷರವನ್ನೂ ಮೀರದವಳನ್ನು ತಪ್ಪಿತಸ್ಥೆ ಎನ್ನುವುದು ನ್ಯಾಯವೇ?"

ಮಂದಾಕಿನಿ ಸೌಟನ್ನು ಕೈಯಲ್ಲಿ ಹಿಡಿದುಕೊಂಡೇ ಹೀಗೆ ಕೇಳಿದಳು. ಆಶ್ರಮದ ಅಡುಗೆಮನೆಯ ಹೊಣೆ ಅವಳದು. ಅಲ್ಲಿನ ನಿಯಮ ಚಿಕ್ಕದು. ಊಟದ ಗಂಟೆಗೆ ಮೊದಲು ಗೇಟು ದಾಟಿ ಬಂದವರೆಲ್ಲರಿಗೂ ಎಲೆ ಹಾಕಬೇಕು. ಗಂಟೆಯಾದ ಮೇಲೆ ಗೇಟು ಮುಚ್ಚಬೇಕು.

ಅಂದು, ಸ್ವಲ್ಪ ಹೊತ್ತಿನ ಮುಂಚೆ, ಅವಳು ಅಡುಗೆ ಮುಗಿಸಿ ಕಿಟಕಿಯಿಂದ ನೋಡಿದಾಗ ಗುಡ್ಡದ ದಾರಿಯಲ್ಲಿ ಒಂದು ಸಂಸಾರ ಹತ್ತಿ ಬರುತ್ತಿತ್ತು. ಮುದುಕರಿದ್ದರು, ಕಂಕುಳಲ್ಲಿ ಕೂಸಿತ್ತು. ಇನ್ನೊಮ್ಮೆ ಅಕ್ಕಿ ತೊಳೆದು ಒಲೆ ಹೊತ್ತಿಸಬೇಕಾದೀತು ಎಂದು ಅವಳಿಗೆ ತೋರಿತು. ನೆಟ್ಟಗೆ ಹೋಗಿ ಗಂಟೆ ಬಾರಿಸಿದಳು. ಅವರು ಮೇಲೆ ಬರುವಷ್ಟರಲ್ಲಿ ಗೇಟು ಮುಚ್ಚಿತ್ತು. "ಯಾರಾದರೂ ಇದ್ದೀರಾ?" ಎಂದು ಹೊರಗಿನಿಂದ ಕೂಗಿದ್ದು ಅವಳಿಗೆ ಕೇಳಿಸಿತು. ಮುಚ್ಚಿದ ಗೇಟಿನ ಒಳಗಿನಿಂದ ಉತ್ತರ ಕೊಡಬೇಕೆಂದು ನಿಯಮದಲ್ಲಿ ಇರಲಿಲ್ಲ. ಅವಳು ಕೊಡಲಿಲ್ಲ. ತೋಟದಲ್ಲಿ ಪಾತಿ ಮಾಡುತ್ತಿದ್ದ ರುದ್ರಯ್ಯ ಇದನ್ನು ಕಂಡು, "ಇದು ಸರಿಹೋಗಲಿಲ್ಲ, ತಾಯಿ" ಎಂದಿದ್ದ. ಆ ಮಾತು ಅವಳನ್ನು ಚುಚ್ಚಿತ್ತು.

"ಗಂಟೆಗೆ ಮೊದಲು ಬಂದ ಯಾರನ್ನೂ ನಾನು ಇದುವರೆಗೆ ಹಿಂದೆ ಕಳಿಸಿಲ್ಲ. ಗಂಟೆಯನ್ನು ಇಂಥ ಹೊತ್ತಿಗೇ ಬಾರಿಸಬೇಕೆಂದು ಎಲ್ಲಿಯೂ ಹೇಳಿಲ್ಲ. ನನ್ನ ತಪ್ಪೇನಿದೆ, ಹೇಳಿ."

ಊಟಕ್ಕೆ ಕೂತಿದ್ದ ಗುರುಗಳು ಎಲೆಯ ಮೇಲಿದ್ದ ಕೈಯನ್ನು ಹಿಂದಕ್ಕೆ ತೆಗೆದುಕೊಂಡರು.

"ಅನ್ನದ ಪಾತ್ರೆ ಮುಚ್ಚು. ಬಿಸಿ ಆರಬಾರದು. ಇಲ್ಲಿ ಕೂತುಕೋ" ಎಂದರು.

ಗುರುಗಳು ಹರೆಯದಲ್ಲಿ ಆಫ್ರಿಕಾದ ಒಂದು ಹಳ್ಳಿಶಾಲೆಯಲ್ಲಿ ಮಕ್ಕಳಿಗೆ ಪಾಠ ಹೇಳಿದವರು. ಆ ದಿನಗಳ ಮಾತನ್ನು ಅವರು ಆಡುತ್ತಿದ್ದುದು ಅಪರೂಪ. ಅಂದು ಹೀಗೆ ಹೇಳತೊಡಗಿದರು.

ಆ ಹಳ್ಳಿಯ ಸುತ್ತ ಕಾಡಿತ್ತು. ದಟ್ಟವಾದ ಕಾಡಲ್ಲ. ಮರಗಳ ನಡುವೆ ಹುಲ್ಲು ಬೆಳೆಯುವ, ಮನುಷ್ಯರು ನಡೆದಾಡಬಹುದಾದ ಕಾಡು. ಜನ ಅದರಿಂದ ಜೇನು ತರುತ್ತಿದ್ದರು, ಅಣಬೆ ತರುತ್ತಿದ್ದರು. ಅಡುಗೆಗೆ ಸೌದೆ ತರುತ್ತಿದ್ದರು. ಸ್ವಲ್ಪ ಇದ್ದಿಲನ್ನೂ ಸುಡುತ್ತಿದ್ದರು. ಇದ್ದಿಲು ಕಮ್ಮಾರನಿಗೆ ಬೇಕಿತ್ತು.

ಊರಿಗೆ ಒಂದು ನಿಯಮವಿತ್ತು. ಬದುಕಿರುವ ಮರಕ್ಕೆ ಕೊಡಲಿ ಹಾಕಕೂಡದು. ಸತ್ತ ಮರವನ್ನು ಮಾತ್ರ ಇದ್ದಿಲಿಗೆ ಕಡಿಯಬಹುದು.

ಮರ ಸತ್ತಿದೆಯೇ ಇಲ್ಲವೇ ಎಂದು ಹೇಳಲು ಒಬ್ಬ ಹಿರಿಯನಿದ್ದ. ಆ ಕೆಲಸ ಅವನ ಮನೆತನಕ್ಕೆ ಸೇರಿದ್ದು. ಮಳೆಗಾಲಕ್ಕೆ ಮುಂಚೆ ಅಲ್ಲಿನ ಮರಗಳೆಲ್ಲ ಕೆಂಪಗೆ ಚಿಗುರುತ್ತವೆ. ಆ ಹೊತ್ತಿನಲ್ಲಿ ಅವನು ಬರುತ್ತಿದ್ದ. ಕಾಂಡದ ಮೇಲೆ ಅಂಗೈ ಇಟ್ಟು, "ಇದ್ದೀಯಾ?" ಎಂದು ಕೇಳುತ್ತಿದ್ದ. ಆ ಊರಿನಲ್ಲಿ ಯಾರ ಮನೆಯ ಮುಂದೆ ನಿಂತರೂ ಹಾಗೆಯೇ ಕೇಳುತ್ತಾರೆ. ಬಾಗಿಲು ತಟ್ಟುವ ಪದ್ಧತಿ ಇಲ್ಲ. ಕೇಳಿದ ಮೇಲೆ ಹಿರಿಯ ತಲೆಯೆತ್ತಿ ನೋಡುವನು. ಕೊಂಬೆಯಲ್ಲಿ ಚಿಗುರು ಕಂಡರೆ ಮರ ಉತ್ತರ ಕೊಟ್ಟಂತೆ. ಕೊಂಬೆ ಬೋಳಾಗಿದ್ದರೆ, "ಒಳಗೆ ಯಾರೂ ಇಲ್ಲ" ಎಂದು ಹೇಳಿ ಮುಂದಕ್ಕೆ ಹೋಗುವನು. ಅಷ್ಟಾದ ಮೇಲೆ ಮರ ಕಡಿದವನನ್ನು ಯಾರೂ ಏನೂ ಅನ್ನುವಂತಿರಲಿಲ್ಲ.

ನಿಯಮ ಒಳ್ಳೆಯದೇ. ಕಮ್ಮಾರ ಒಬ್ಬನೇ ಇದ್ದಾಗ ಅದು ಸಾಕಾಗಿತ್ತು.

ಆಮೇಲೆ ರಸ್ತೆ ಬಂತು. ರಸ್ತೆಯ ಹಿಂದೆ ಲಾರಿ ಬಂತು. ದೂರದ ಪಟ್ಟಣದಲ್ಲಿ ಮನೆಗಳು ಒಂದಕ್ಕೊಂದು ಅಂಟಿಕೊಂಡಿದ್ದವು. ಅಲ್ಲಿ ಸೌದೆ ಉರಿಸಿದರೆ ಪಕ್ಕದ ಮನೆಯವರು ಕೆಮ್ಮುತ್ತಾರೆ. ಗ್ಯಾಸು ಎಲ್ಲರಿಗೂ ಎಟುಕುವುದಿಲ್ಲ. ಪಟ್ಟಣದ ಹೆಂಗಸರು ಇದ್ದಿಲಿನ ಮೇಲೆ ಅಂಬಲಿ ಕಾಯಿಸುತ್ತಿದ್ದರು. ಅವರ ತಪ್ಪೂ ಅದರಲ್ಲಿ ಇರಲಿಲ್ಲ.

ಊರಿನಲ್ಲಿ ಒಬ್ಬ ಇದ್ದಿಲುಗಾರನಿದ್ದ. ಬೇರೆ ಊರಿನವನು. ಆ ಕಡೆಯ ಪದ್ಧತಿಯಂತೆ ಮದುವೆಯಾದ ಗಂಡಸು ಹೆಂಡತಿಯ ಊರಿಗೆ ಬಂದು ನೆಲೆಸುತ್ತಾನೆ. ಇವನೂ ಹಾಗೆ ಬಂದವನು. ಸೋಮಾರಿಯಲ್ಲ, ಕುಡುಕನಲ್ಲ. ಮಕ್ಕಳನ್ನು ಶಾಲೆಗೆ ಕಳಿಸುತ್ತಿದ್ದ. ಹೇಳಿದ ದಿನಕ್ಕೆ ಹೇಳಿದಷ್ಟು ಮೂಟೆ ಕೊಡುವವನು ಎಂದು ಲಾರಿಯವನಿಗೆ ಅವನ ಮೇಲೆ ನಂಬಿಕೆ. ಅವನಿಗೂ ಅದರ ಬಗ್ಗೆ ಹೆಮ್ಮೆ.

ಇದ್ದಿಲು ಸುಡುವ ಕ್ರಮ ಹೀಗೆ. ಮರವನ್ನು ತುಂಡು ಮಾಡಿ ಒಟ್ಟಬೇಕು. ಮೇಲೆ ಹುಲ್ಲು ಹಾಸಿ ಮಣ್ಣು ಮುಚ್ಚಬೇಕು. ಒಂದು ಬದಿಯಲ್ಲಿ ಬೆಂಕಿ ಇಟ್ಟು ಕಾಯಬೇಕು. ಮಣ್ಣು ಎಲ್ಲಿಯಾದರೂ ಬಿರುಕು ಬಿಟ್ಟರೆ ಒಳಗೆ ಗಾಳಿ ನುಗ್ಗಿ ಎಲ್ಲವೂ ಬೂದಿಯಾಗುತ್ತದೆ. ಬಿಡದಿದ್ದರೂ ಮರದ ಬಹುಪಾಲು ಹೊಗೆಯಾಗಿಯೇ ಹೋಗುತ್ತದೆ. ದೊಡ್ಡ ಮರವೊಂದು ಕೆಲವೇ ಮೂಟೆಗಳಾಗಿ ರಸ್ತೆಯ ಬದಿಯಲ್ಲಿ ಕೂರುತ್ತದೆ. ಲಾರಿ ತುಂಬಬೇಕಾದರೆ ಬಹಳ ಮರ ಸಾಯಬೇಕು.

ತಾವಾಗಿ ಸತ್ತ ಮರಗಳು ಬೇಗ ಮುಗಿದುಹೋದವು.

ಒಂದು ದಿನ ಇದ್ದಿಲುಗಾರ ಒಣಗಿ ನಿಂತ ಮರವೊಂದನ್ನು ಕಂಡ. ಹಿಂದೆ ಯಾರೋ ಜೇನು ಕೂರಲು ಕೊಳವೆಯಂಥ ಗೂಡು ಮಾಡುವುದಕ್ಕೆ ಅದರ ತೊಗಟೆಯನ್ನು ಸುತ್ತಲೂ ಸುಲಿದಿದ್ದರು. ಸುಲಿದ ಜಾಗದಿಂದ ಮೇಲಕ್ಕೆ ಮರ ಒಣಗಿತ್ತು. ಅವನು ಅದನ್ನು ಬಹಳ ಹೊತ್ತು ನೋಡಿದ. ನಿಯಮ ಹೇಳುವುದು ಕೊಡಲಿಯ ಬಗ್ಗೆ. ತೊಗಟೆ ಸುಲಿಯಲು ಕೊಡಲಿ ಬೇಡ, ಚೂರಿ ಸಾಕು.

ಅವನು ಒಂದು ಮರದ ಸುತ್ತ ಚೂರಿಯಿಂದ ಉಂಗುರದಂತೆ ತೊಗಟೆ ತೆಗೆದ. ಮುಂದಿನ ಚಿಗುರುಕಾಲಕ್ಕೆ ಆ ಮರ ಚಿಗುರಲಿಲ್ಲ. ಹಿರಿಯ ಬಂದ, ಕೇಳಿದ, ತಲೆಯೆತ್ತಿ ನೋಡಿದ. "ಒಳಗೆ ಯಾರೂ ಇಲ್ಲ" ಎಂದ.

ಊರಿನ ಮಿಕ್ಕ ಗಂಡಸರೂ ಬೇಗ ಕಲಿತುಕೊಂಡರು. ಆ ಕೆಲಸಕ್ಕೆ ಒಂದು ಹೆಸರೂ ಹುಟ್ಟಿತು. ಅಲ್ಲಿ ಕೂಸು ಹುಟ್ಟಿದಾಗ ಅದು ಚೆನ್ನಾಗಿ ಬೆಳೆಯಲೆಂದು ಸೊಂಟಕ್ಕೆ ಮಣಿಸರ ಕಟ್ಟುತ್ತಾರೆ. ಮರದ ಸುತ್ತ ತೊಗಟೆ ಸುಲಿಯುವುದನ್ನು ಅವರು 'ಮಣಿ ಕಟ್ಟುವುದು' ಎಂದರು.

"ನಿನ್ನ ಕಡೆ ಎಷ್ಟಕ್ಕೆ ಮಣಿ ಕಟ್ಟಿದೆಯೋ?" ಎಂದು ದಾರಿಯಲ್ಲಿ ಕೇಳುವರು.

"ನನ್ನವೆಲ್ಲ ಹುಟ್ಟುರೋಗಿಗಳು, ಮಾರಾಯ. ಮಳೆ ಮುಗಿಯುವವರೆಗೂ ಉಳಿಯುವುದಿಲ್ಲ" ಎಂದು ಇನ್ನೊಬ್ಬ ನಗುವನು.

ಬದುಕಿರುವ ಒಂದು ಮರಕ್ಕೂ ಯಾರೂ ಕೊಡಲಿ ಹಾಕಲಿಲ್ಲ. ಕಾಡು ಮಾತ್ರ ಹಿಂದಕ್ಕೆ ಸರಿಯುತ್ತ ಹೋಯಿತು. ಅಣಬೆಗೆ ಹೋದ ಹೆಂಗಸರು ಬರಿಯ ಬುಟ್ಟಿ ಹೊತ್ತು ಬಂದರು. ಜೇನು ಬೇರೆ ಕಡೆಗೆ ಹೋಯಿತು. ಮಳೆ ಬಂದರೆ ಕೆಂಪು ಮಣ್ಣು ಅಂಗಳಕ್ಕೆ ಇಳಿಯಿತು. ಕೊನೆಗೆ ನಿಂತಿದ್ದುದು ಚಿಲುಮೆಯ ಮೇಲಿನ ತೋಪು ಒಂದೇ.

ಊರಿನ ನೀರು ಆ ಚಿಲುಮೆಯದು. ಇದ್ದಿಲುಗಾರನ ಹೆಂಡತಿಯ ಸೊಪ್ಪಿನ ಮಡಿಗಳು ಅದರ ಕೆಳಗೆ ಇದ್ದವು. ಅವಳ ತಾಯಿ ಮಾಡಿದ ಮಡಿಗಳು ಅವು. ಒಂದು ದಿನ ನೀರಿಗೆ ಹೋದವಳು ತೋಪಿನ ಮರಗಳ ಸೊಂಟವನ್ನು ನೋಡಿದಳು. ಎಲ್ಲಕ್ಕೂ ಮಣಿ ಕಟ್ಟಿತ್ತು. ಗಾಯ ಹಳೆಯದಾಗಿತ್ತು. ಕೊಡ ಇಳಿಸಿ ಮನೆಗೆ ಬಂದಳು.

"ಈ ಕೆಲಸ ಯಾರದು?"

"ಮರಕ್ಕೆ ಕಾಯಿಲೆ" ಎಂದ ಗಂಡ.

"ಕಾಯಿಲೆಗೆ ಚೂರಿ ಹಿಡಿಯಲು ಬರುತ್ತದೆಯೇ?"

ಅವನು ಮೂಟೆಯ ಬಾಯಿ ಹೊಲಿಯತೊಡಗಿದ.

"ಹೋದ ವರ್ಷ ಕೊಡ ತುಂಬುವುದಕ್ಕೆ ನಾನು ನಿಂತುಕೊಂಡು ಕಾದರೆ ಸಾಕಾಗಿತ್ತು. ಈ ವರ್ಷ ಕೂತು ಕಾಯುತ್ತೇನೆ. ಆ ಮರಗಳೂ ಹೋದರೆ ಬರುವ ವರ್ಷ ಅಲ್ಲಿ ಮಲಗಿ ಕಾಯಬೇಕು. ಇದು ನನ್ನ ತಾಯಿಯ ಊರು. ನಾನು ಎಲ್ಲಿಗೂ ಹೋಗುವವಳಲ್ಲ. ಆ ತೋಪು ಬಿದ್ದ ದಿನ ನೀನು ನಿನ್ನ ತಾಯಿಯ ಊರಿಗೆ ಹೋಗು."

"ಲಾರಿಯವನಿಗೆ ಮಾತು ಕೊಟ್ಟಿದ್ದೇನೆ."

"ಮದುವೆಯ ದಿನ ನನಗೂ ಏನೋ ಕೊಟ್ಟಿದ್ದೆ" ಎಂದಳು ಅವಳು.

ಇಷ್ಟು ಹೇಳಿ ಅವನ ಚಾಪೆಯನ್ನು ಸುತ್ತಿ ಬಾಗಿಲ ಹೊರಗೆ ನಿಲ್ಲಿಸಿದಳು. ಗಂಡನ ಚಾಪೆಯನ್ನು ಹೊರಗಿಡುವುದೆಂದರೆ ಆ ಊರಿನಲ್ಲಿ ಮದುವೆ ಮುರಿಯುವುದು. ಒಳಗೆ ಮತ್ತೆ ತರುವವರೆಗೆ ಅವನು ಆ ಮನೆಯಲ್ಲಿ ನೆಂಟನೂ ಅಲ್ಲ. ಅದು ನೆಲದ ಮೇಲೆ ಬಿದ್ದಿರದೆ ಗೋಡೆಗೆ ಒರಗಿ ನಿಂತಿದ್ದರೆ ಇನ್ನೂ ಮಾತಿಗೆ ಜಾಗವಿದೆ ಎಂದರ್ಥ. ಅವನು ಅದನ್ನು ಗಮನಿಸಿದ. ಆದರೂ ತೋಪು ಆಗಲೇ ಒಣಗಿತ್ತು. ಸುಲಿದ ತೊಗಟೆಯನ್ನು ಹಿಂದಕ್ಕೆ ಅಂಟಿಸಲು ಅವನಿಗೆ ಬರುತ್ತಿರಲಿಲ್ಲ. ಕಡಿಯದೆ ಬಿಟ್ಟರೂ ಅವು ಸತ್ತ ಮರಗಳೇ ಎಂದು ಅವನು ತಿಳಿದಿದ್ದ. ಸತ್ತದ್ದಕ್ಕೆ ಮಾತು ತಪ್ಪುವುದೇಕೆ ಎಂದು ತನಗೆ ತಾನೇ ಹೇಳಿಕೊಂಡ. ಹೇಳಿಕೊಂಡದ್ದನ್ನು ತಾನೇ ಪೂರ್ತಿ ನಂಬಲಿಲ್ಲ. ಕಮ್ಮಾರನ ಕೊಟ್ಟಿಗೆಯಲ್ಲಿ ಮಲಗತೊಡಗಿದ.

ಆ ವರ್ಷ ಹಳೆಯ ಹಿರಿಯ ತೀರಿಹೋಗಿದ್ದ. ಮರ ನೋಡುವ ಕೆಲಸ ಅವನ ಅಕ್ಕನಿಗೆ ಬಂದಿತ್ತು. ತುಂಬ ವಯಸ್ಸಾದ ಅಜ್ಜಿ. ಬೆನ್ನು ಪೂರ್ತಿ ಬಾಗಿತ್ತು. ಎದುರಿಗೆ ಬಂದವರನ್ನು ಅವರ ಕಾಲಿನಿಂದ ಗುರುತಿಸುತ್ತಿದ್ದಳು. ಅಂಥವಳು ಮರದ ತಲೆಯನ್ನು ನೋಡುವುದು ಹೇಗೆ ಎಂದು ಗಂಡಸರು ತಮಾಷೆ ಮಾಡಿಕೊಂಡರು. ಪಕ್ಕದಲ್ಲಿ ಯಾರಾದರೂ ನಿಂತು ಹೇಳಿದರಾಯಿತು ಎಂದು ಸಮಾಧಾನ ಮಾಡಿಕೊಂಡರು.

ಪರೀಕ್ಷೆಯ ದಿನ ಬಂತು. ಮರ ನೋಡುವುದಕ್ಕೆ ಮೊದಲು ಇದ್ದಿಲುಗಾರರು ಒಂದು ಕೆಲಸ ಮಾಡುತ್ತಿದ್ದರು. ಮರದ ಬುಡದ ಸುತ್ತ ಬೆಳೆದ ಹುಲ್ಲುಪೊದೆಯನ್ನು ಸವರಿ ನೆಲ ಚೊಕ್ಕಟ ಮಾಡುತ್ತಿದ್ದರು. ಹಿರಿಯ ಎಡವಿ ಬೀಳಬಾರದು ಎಂದು ಮರ್ಯಾದೆಗೆ ಆರಂಭವಾದ ಪದ್ಧತಿ ಅದು. ಕುಡುಗೋಲಿಗೆ ಏನು ಸಿಕ್ಕಿತೆಂದು ಯಾರೂ ಬಗ್ಗಿ ನೋಡುತ್ತಿರಲಿಲ್ಲ. ಎಲ್ಲರ ಕಣ್ಣೂ ಮರದ ತಲೆಯ ಮೇಲೆ.

ಅಜ್ಜಿಯ ನಡಿಗೆ ಬಹಳ ನಿಧಾನ. ತಡವಾದರೆ ಮರ್ಯಾದೆಯಲ್ಲ ಎಂದು ಅವಳು ಎಲ್ಲರಿಗಿಂತ ಬಹಳ ಮುಂಚೆ ಮನೆ ಬಿಟ್ಟಳು. ಹಾಗಾಗಿ ಎಲ್ಲರಿಗಿಂತ ಮುಂಚೆ ತೋಪಿಗೆ ಬಂದು ಕೂತಿದ್ದಳು. ಇದ್ದಿಲುಗಾರ ಕುಡುಗೋಲು ಹಿಡಿದು ಬಂದಾಗ ಅವಳು ಕೋಲೂರಿ ಎದ್ದು ನಿಂತಳು. ಹಿಂದೆಯೇ ಊರಿನವರು ಬಂದರು. ಹೆಂಡತಿ ಕೊಡ ಹಿಡಿದು ಚಿಲುಮೆಯ ಬಳಿ ನಿಂತಳು. ಬುಡ ಚೊಕ್ಕಟ ಮಾಡಲು ಹೊತ್ತು ಉಳಿಯಲಿಲ್ಲ.

ಅಜ್ಜಿ ಮೊದಲನೆಯ ಮರದ ಮೇಲೆ ಅಂಗೈ ಇಟ್ಟಳು.

"ಇದ್ದೀಯಾ?"

ಎಲ್ಲರೂ ತಲೆಯೆತ್ತಿ ನೋಡಿದರು. ಕೊಂಬೆ ಬೋಳಾಗಿತ್ತು.

"ಇದ್ದಾನೆ" ಎಂದಳು ಅಜ್ಜಿ. ಕೋಲೂರುತ್ತ ಎರಡನೆಯ ಮರಕ್ಕೆ ಹೋದಳು. "ಇದ್ದೀಯಾ? ಇವನೂ ಇದ್ದಾನೆ."

ಗಂಡಸರ ನಡುವೆ ನಗು ಎದ್ದಿತು. ಇದ್ದಿಲುಗಾರ ಮುಂದೆ ಬಂದ.

"ಅಜ್ಜಿ, ತಲೆಯೆತ್ತಿ ನೋಡಬೇಕು. ಮೇಲೆ ಒಂದು ಎಲೆಯೂ ಇಲ್ಲ."

"ನನ್ನ ಕುತ್ತಿಗೆ ಮೇಲಕ್ಕೆ ಹೋಗುವುದನ್ನು ಬಿಟ್ಟು ಬಹಳ ಕಾಲವಾಯಿತು, ಅಳಿಯಂದಿರೇ. ಮೇಲಿನದು ನನಗೆ ಗೊತ್ತಿಲ್ಲ. ಕೆಳಗೆ ಯಾರೋ ಇದ್ದಾರೆ."

ಅವಳು ಕೋಲಿನ ತುದಿಯಿಂದ ಹುಲ್ಲನ್ನು ಸರಿಸಿದಳು. ಮಣಿಯ ಕೆಳಗೆ, ಬುಡದ ಸುತ್ತ, ಕೆಂಪು ಚಿಗುರು ಎದ್ದಿತ್ತು. ಕೆಲವು ಮೊಳಕಾಲಿನವರೆಗೆ ಬಂದಿದ್ದವು. ಹುಲ್ಲಿನ ನಡುವೆ ಅವು ಯಾರಿಗೂ ಕಂಡಿರಲಿಲ್ಲ.

"ಅದು ಪೊದೆ" ಎಂದ ಇದ್ದಿಲುಗಾರ.

"ಪೊದೆಯೇ? ಎಳೆದು ನೋಡಿ, ಯಾರ ಕಾಲು ಅದು ಎಂದು."

ಅವನು ಬಗ್ಗಿ ಒಂದು ಚಿಗುರನ್ನು ಹಿಡಿದ. ಅದು ಹುಲ್ಲಿನಂತೆ ಕಿತ್ತು ಬರಲಿಲ್ಲ. ಮರದ ಬೇರಿನಿಂದಲೇ ಹುಟ್ಟಿತ್ತು. ಅವನ ಕೈ ಅಲ್ಲಿಯೇ ನಿಂತಿತು. ಪ್ರತಿ ವರ್ಷ ತಾನು ಕುಡುಗೋಲಿನಿಂದ ಸವರಿ ಚೊಕ್ಕಟ ಮಾಡುತ್ತಿದ್ದುದು ಏನನ್ನು ಎಂದು ಅವನಿಗೆ ಆಗ ಗೊತ್ತಾಯಿತು.

ಆದರೂ ಅವನು ನಿಯಮ ಬಲ್ಲವನು. ಕೊನೆಯ ಮಾತೊಂದನ್ನು ಆಡಿದ.

"ತಲೆ ಒಣಗಿದ ಮರ ಸತ್ತ ಮರ. ಮೊದಲಿನಿಂದ ಹಾಗೆಯೇ ನಡೆದಿದೆ."

"ನಡೆದಿರಬಹುದು. ನನ್ನ ತಮ್ಮ ಉದ್ದನೆಯ ಮನುಷ್ಯ, ಅವನು ಮೇಲೆ ನೋಡಿದ. ನಿಯಮದಲ್ಲಿ ಇರುವುದು ಬದುಕಿರುವ ಮರ ಎಂದು. ತಲೆಯ ಕಡೆ ಬದುಕಿರಬೇಕು, ಕಾಲಿನ ಕಡೆ ಅಲ್ಲ ಎಂದು ಎಲ್ಲಿ ಹೇಳಿದೆ?" ಅಜ್ಜಿ ಸ್ವಲ್ಪ ಉಸಿರು ತೆಗೆದುಕೊಂಡಳು. "ಮತ್ತೆ, ಮಣಿ ಕಟ್ಟಿದ್ದು ನೀವೇ ಅಲ್ಲವೇ? ಕೂಸು ಬೆಳೆಯಲಿ ಎಂದು ತಾನೇ ಕಟ್ಟುವುದು? ಬೆಳೆದಿದೆ. ಈಗ ಅಳುವುದೇಕೆ?"

ಈ ಸಲ ಹೆಂಗಸರು ನಕ್ಕರು.

ಇದ್ದಿಲುಗಾರ ನೆಲದ ಮೇಲೆ ಕೂತುಬಿಟ್ಟ. ಅವನಿಗೆ ಸಿಟ್ಟು ಬರಬೇಕಾಗಿತ್ತು. ಲಾರಿಯವನಿಗೆ ಹೇಳಬೇಕಾದ ಮಾತು ಇನ್ನೂ ಹಾಗೆಯೇ ಉಳಿದಿತ್ತು. ಆದರೆ ಅವನ ಎದೆಯ ಮೇಲಿನಿಂದ ಏನೋ ಇಳಿದಂತಾಗಿ ಕಣ್ಣಲ್ಲಿ ನೀರು ಬಂತು. ತಾನು ಕೊಂದೆ ಎಂದುಕೊಂಡದ್ದು ಸತ್ತಿರಲಿಲ್ಲ. ಇಷ್ಟು ದಿನ ಅವನು ಯಾರ ಬಳಿಯೂ ಹೇಳದೆ ಹೊತ್ತಿದ್ದುದು ಅದನ್ನೇ.

ಅಜ್ಜಿ ತೋಪನ್ನೆಲ್ಲ ಸುತ್ತಿದಳು. ಕೆಲವು ಮರಗಳ ಬುಡದಲ್ಲಿ ಏನೂ ಇರಲಿಲ್ಲ. ಅವುಗಳ ಮುಂದೆ, "ಒಳಗೆ ಯಾರೂ ಇಲ್ಲ" ಎಂದು ತಗ್ಗಿದ ದನಿಯಲ್ಲಿ ಹೇಳಿದಳು. ಅಂಥವು ಹೆಚ್ಚಿರಲಿಲ್ಲ. ಉಳಿದವುಗಳಿಗೆ ಕೊಡಲಿ ಹಾಕುವಂತಿಲ್ಲ ಎಂದು ತೀರ್ಮಾನವಾಯಿತು. ಅದೇ ನಿಯಮ, ಅದೇ ಅಕ್ಷರ.

ಲಾರಿ ಬಂದಾಗ ರಸ್ತೆಯ ಬದಿಯಲ್ಲಿ ಒಂದು ಸಣ್ಣ ರಾಶಿ ಮಾತ್ರ ಇತ್ತು. ಇದ್ದಿಲುಗಾರ ಅದರ ಪಕ್ಕದಲ್ಲಿ ಕೈಕಟ್ಟಿ ನಿಂತಿದ್ದ. "ಈ ವರ್ಷ ಇಷ್ಟೇ" ಎಂದ. ಲಾರಿಯವನು ಬೈದ. ಇವನು ಬೈಸಿಕೊಂಡ. ಬೈದು ಮುಗಿದ ಮೇಲೆ ಇಬ್ಬರೂ ಸೇರಿ ಮೂಟೆ ಏರಿಸಿದರು.

ಊರಿನವರು ಹಳೆಯ ಜಾಗಗಳಿಗೂ ಹೋಗಿ ಬಗ್ಗಿ ನೋಡಿದರು. ಇದ್ದಿಲಿನ ಗುಡ್ಡೆ ಉರಿದ ನೆಲದಲ್ಲಿ ಏನೂ ಉಳಿದಿರಲಿಲ್ಲ. ಆಚೆ ಈಚೆ ಚಿಗುರು ಇತ್ತು. ಆಡುಗಳು ತಿಂದು ತಿಂದು ಮೊಂಡು ಮಾಡಿದ್ದರೂ ಇತ್ತು. ಇದ್ದಿಲುಗಾರನೇ ಮುಳ್ಳು ತಂದು ಬೇಲಿ ಹಾಕಿದ. ಒಂದು ಬುಡಕ್ಕೆ ಒಂದು ಗಟ್ಟಿ ಚಿಗುರನ್ನು ಉಳಿಸಿ ಮಿಕ್ಕದ್ದನ್ನು ಸವರಿ, ಆ ಕಡ್ಡಿಗಳನ್ನೇ ಒಲೆಗೆ ಕೊಟ್ಟರು. ಇದ್ದಿಲು ಸುಡುವುದು ನಿಲ್ಲಲಿಲ್ಲ. ಕಡಿಮೆಯಾಯಿತು. ಒಂದು ಕಡೆ ಕಡಿದರೆ ಅಲ್ಲಿ ಮತ್ತೆ ಬೆಳೆಯುವವರೆಗೆ ಕಾಯುವುದನ್ನು ಕಲಿತರು. ನಾನು ಆ ಊರು ಬಿಡುವ ಹೊತ್ತಿಗೆ ಚಿಲುಮೆಯ ಮೇಲಿನ ತೋಪು ನನ್ನ ತಲೆಗಿಂತ ಎತ್ತರ ಬಂದಿತ್ತು. ಕೆಳಗೆ ಹೆಂಗಸರು ನಿಂತುಕೊಂಡೇ ಕೊಡ ತುಂಬುತ್ತಿದ್ದರು.

ಪರೀಕ್ಷೆಯ ದಿನ ಇದ್ದಿಲುಗಾರ ಮನೆಗೆ ಹೋದಾಗ ಬಾಗಿಲಲ್ಲಿ ಚಾಪೆ ಇರಲಿಲ್ಲ. ಅವನು ಗಾಬರಿಯಾಗಿ ಅಂಗಳದಲ್ಲಿ ನಿಂತ. ಒಳಗೆ ಹೋಗಲು ಧೈರ್ಯ ಸಾಲಲಿಲ್ಲ. ಬೇರೆಯವರ ಮನೆಯ ಮುಂದೆ ನಿಂತವನಂತೆ, "ಇದ್ದೀಯಾ?" ಎಂದು ಕರೆದ.

"ಇದ್ದೇನೆ" ಎಂದು ಹೆಂಡತಿ ಒಳಗಿನಿಂದ ಹೇಳಿದಳು. "ಚಾಪೆಯೂ ಇದೆ. ಕಾಲು ತೊಳೆದು ಬಾ."

ಗುರುಗಳು ಇಲ್ಲಿಗೆ ಕತೆ ನಿಲ್ಲಿಸಿದರು.

ಮಂದಾಕಿನಿಯ ಮುಖ ಹಗುರವಾಗಿತ್ತು. ಅವಳು ಬುದ್ಧಿವಂತೆ. ಕತೆ ತನ್ನ ಪರವಾಗಿಯೂ ಒಂದು ಮಾತು ಹೇಳಿದಂತೆ ಅವಳಿಗೆ ತೋರಿತು.

"ಹಾಗಾದರೆ ಗುರುಗಳೇ, ಕೊನೆಗೆ ಆ ತೋಪನ್ನು ಉಳಿಸಿದ್ದು ನಿಯಮವೇ ಅಲ್ಲವೇ? ಅಜ್ಜಿಯೂ ಅಕ್ಷರವನ್ನೇ ಹಿಡಿದಳು."

ಗುರುಗಳು ಉತ್ತರ ಕೊಡಲು ಬಾಯಿ ತೆರೆದರು. ಅಷ್ಟರಲ್ಲಿ ಗೇಟಿನ ಹೊರಗೆ ಕೂಸೊಂದು ಅತ್ತಿತು. ಅದರ ಹಿಂದೆಯೇ, ದಣಿದ ಗಂಟಲಿನಿಂದ, ಯಾರೋ ಮತ್ತೊಮ್ಮೆ, "ಯಾರಾದರೂ ಇದ್ದೀರಾ?" ಎಂದು ಕೂಗಿದರು. ಅವರು ಗುಡ್ಡ ಇಳಿದು ಹೋಗಿರಲಿಲ್ಲ.

ಗುರುಗಳು ಅನ್ನದ ಪಾತ್ರೆಯ ಮೇಲೆ ಅಂಗೈ ಇಟ್ಟರು. ಅದು ಇನ್ನೂ ಬಿಸಿಯಾಗಿತ್ತು.

"ನಿನ್ನನ್ನೇ ಕೇಳುತ್ತಿದ್ದಾರೆ, ಮಂದಾಕಿನಿ. ಇದ್ದೀಯಾ?"